ಕರುವಿನ ಪಾಲಿನ ಹಾಲು

ಕೇಳಿ, ಇದನ್ನು ಮಾತ್ರ ಅರ್ಧಕ್ಕೆ ಬಿಟ್ಟು ಏಳಬೇಡಿ. ಅರ್ಧ ಕೇಳಿದವರು ನೀಲಗಂಗವ್ವನನ್ನು ಬೈದು ಎದ್ದು ಹೋಗುತ್ತಾರೆ. ಮುಕ್ಕಾಲು ಕೇಳಿದವರು ಅನ್ನಪೂರ್ಣಳನ್ನು ಬೈಯುತ್ತಾರೆ. ಪೂರ್ತಿ ಕೇಳಿದ ಮೇಲೆ ಯಾರನ್ನು ಬೈಯಬೇಕೆಂದು ನನಗಂತೂ ಗೊತ್ತಾಗಿಲ್ಲ. ಅದಕ್ಕೇ ಹೇಳುತ್ತಿರುವುದು, ಕೂತುಕೊಳ್ಳಿ.

ಶಿರಸಿಯಿಂದ ಬನವಾಸಿಯ ದಾರಿ ಹಿಡಿದರೆ ತೋಟಗಳು ತೆಳುವಾಗಿ ಭತ್ತದ ಗದ್ದೆಗಳು ಅಗಲವಾಗುತ್ತಾ ಹೋಗುತ್ತವೆ. ಅಲ್ಲೇ ಒಂದು ಊರು. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಊರಿನ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಗೌಡರ ಮನೆಯ ಹೊರ ಪಡಸಾಲೆಯಲ್ಲಿ ನಡೆಯುತ್ತಿತ್ತು. ಕಲಿಸುವವರು ಇಬ್ಬರೇ. ದೊಡ್ಡ ಮಕ್ಕಳಿಗೆ ಸಿದ್ದಾಪುರದ ಹೇರೂರ ಕಡೆಯಿಂದ ಬಂದ ವಿಘ್ನೇಶ್ವರ ಮಾಸ್ತರು, ಸಣ್ಣವರಿಗೆ ಅನ್ನಪೂರ್ಣ.

ಅನ್ನಪೂರ್ಣ ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದವಳು. ಇದೇ ಊರಿನ ಶಿವಪುತ್ರಪ್ಪನ ಮಗ ಚಂದ್ರಶೇಖರಪ್ಪನನ್ನು ಮದುವೆಯಾಗಿ ಬಂದಿದ್ದಳು. ಸೊಸೆ ಸಾಲಿಗೆ ಕಲಿಸಲು ಹೋಗುತ್ತಾಳೆಂದು ಅತ್ತೆ ನೀಲಗಂಗವ್ವನಿಗೆ ಹೆಮ್ಮೆಯೂ ಇತ್ತು, ಸಿಟ್ಟೂ ಇತ್ತು. ಬೆಳಿಗ್ಗೆ ಸಗಣಿ ಬಳಿಯುವ ಹೊತ್ತಿಗೆ ಸಿಟ್ಟು, ಯಾರಾದರೂ ಬೀಗರು ಬಂದಾಗ ಹೆಮ್ಮೆ.

ಆ ವರ್ಷ ಮೇಲಿನವರ ಅಪ್ಪಣೆ ಬಂದಿತ್ತು. ಪುಸ್ತಕ ಓದಿಸಿದರೆ ಸಾಲದು, ತಟ್ಟೆಗೆ ಬರುವ ಊಟ ಎಲ್ಲಿಂದ ಬರುತ್ತದೆ, ದನಕರು ಹೇಗೆ ಸಾಕುತ್ತಾರೆ ಎಂಬುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕು ಎಂದು. ವಿಘ್ನೇಶ್ವರ ಮಾಸ್ತರು ಅದನ್ನು ಓದಿ ನಕ್ಕಿದ್ದರು.

"ಎಂತ ಮಾರಾಯ್ರೆ, ಈ ಮಕ್ಕಳಿಗೆ ಎಮ್ಮೆ ತೋರಿಸೂದಾ? ಅವು ನಮಗೆ ತೋರಿಸ್ತವು!"

ಅನ್ನಪೂರ್ಣ ನಗಲಿಲ್ಲ. ಅವಳಿಗೆ ಈ ಅಪ್ಪಣೆ ಮನಸ್ಸಿಗೆ ಹಿಡಿಸಿತ್ತು. ಮರುದಿನವೇ ಎರಡನೆಯ ಇಯತ್ತೆಯ ಮುಂದೆ ನಿಂತು ಕೇಳಿದಳು: "ಹಾಲು ಎಲ್ಲಿಂದ ಬರತೈತಿ?"

ಇಡೀ ಪಡಸಾಲೆ ಗೊಳ್ಳೆಂದಿತು.

"ಎಮ್ಮಿ ಕೆಚ್ಚಲದಿಂದ್ರಿ ಅಕ್ಕೋರ," ಎಂದ ಗೌಡರ ಮಗ. "ಮತ್ತೇನು ಬಾವ್ಯಾಗಿಂದ ಸೇದತಾರೇನ್ರಿ?"

"ಶಾಣ್ಯಾ ಅದಿ, ಕುಂದ್ರು. ಎಮ್ಮಿ ಯಾರಿಗಂತ ಹಾಲು ಮಾಡತೈತಿ?"

"ನಮ್ಮಪ್ಪಗರಿ."

"ಚಾದಂಗಡಿಗ್ರಿ."

ಕೊನೆಗೆ ಹಿಂದಿನ ಸಾಲಿನಿಂದ ದೇವಕ್ಕ ಹೇಳಿದಳು, "ಕರಕ್ಕ್ರಿ."

ದೇವಕ್ಕ ಅನ್ನಪೂರ್ಣಳ ನಾದಿನಿ ಸಾವಿತ್ರವ್ವನ ಹಿರಿಯ ಮಗಳು, ಏಳು ವರ್ಷದವಳು. ಸಾವಿತ್ರವ್ವ ಎರಡನೆಯ ಬಾಣಂತನಕ್ಕೆ ತವರಿಗೆ ಬಂದಿದ್ದಳು; ಅಷ್ಟು ದಿನ ಹುಡುಗಿ ಸುಮ್ಮನೆ ಕೂರುವುದು ಬೇಡವೆಂದು ಅನ್ನಪೂರ್ಣಳೇ ಇಲ್ಲಿಯ ಸಾಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಮನೆಯಲ್ಲಿ 'ಅತ್ತಿ', ಸಾಲಿಯಲ್ಲಿ 'ಅಕ್ಕೋರು' ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಹಾಗೆ ಮಾಡಿಕೊಂಡಿದ್ದಳು.

"ಹಂಗಾರ ನಾವು ಕುಡಿಯೋದು ಏನವಾ?"

"ಉಳದದ್ರಿ."

ಅನ್ನಪೂರ್ಣಳಿಗೆ ಎಷ್ಟು ಖುಷಿಯಾಯಿತೆಂದರೆ ಹಲಗೆಯ ಮೇಲೆ ಅದನ್ನೇ ಬರೆದಳು: ಕರು ಕುಡಿದು ಉಳಿದದ್ದು ನಮಗೆ. ಮಕ್ಕಳು ಪಾಟಿಯ ಮೇಲೆ ನಕಲು ಮಾಡಿಕೊಂಡರು. ಅದೇ ಸಂಜೆ ಎಲ್ಲರನ್ನೂ ತನ್ನ ಮನೆಯ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಮನೆಯ ಎಮ್ಮೆ ಈದು ತಿಂಗಳಾಗಿರಲಿಲ್ಲ. ಕರು ಗಂಡು, ಕೋಣಗರು.

ಬಾಗಿಲಲ್ಲಿ ಅಷ್ಟೂ ಹುಡುಗರನ್ನು ನೋಡಿ ನೀಲಗಂಗವ್ವ ಕೈಯಲ್ಲಿದ್ದ ಚರಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.

"ಏನವಾ ಇದು, ದಿಬ್ಬಣ ಬಂದಂಗ ಬಂದೀರಿ? ಎಮ್ಮಿಗೆ ದಿಟ್ಟಿ ಆಗತೈತಿ, ನಡೀರಿ ಹೊರಗ."

"ಪಾಠ ಐತ್ರಿ ಅತ್ತಿ. ನೀವು ಹಿಂಡ್ರಿ, ಅವು ದೂರ ನಿಂತು ನೋಡತಾವು."

"ನಾ ಹಿಂಡೋದು ಪಾಠ ಆತೇನು? ಹಂಗಾರ ಪಗಾರ ನನಗ ಕೊಡಬೇಕು ಸರಕಾರದವ್ರು."

ಮಕ್ಕಳು ನಕ್ಕರು, ನೀಲಗಂಗವ್ವನೂ ಸ್ವಲ್ಪ ನಕ್ಕಳು. ಎಲ್ಲರ ಕಡೆ ಬೆನ್ನು ಮಾಡಿ ಕೂತು ಕರುವನ್ನು ಬಿಟ್ಟಳು. ಕರು ಓಡಿಬಂದು ಬಾಯಿ ಹಾಕಿತು. ಎಮ್ಮೆ ಹಾಲು ಇಳಿಸಿದ್ದೇ ತಡ, ಅದರ ಕಣ್ಣಿ ಹಿಡಿದು ಎಳೆದು ಗೂಟಕ್ಕೆ ಕಟ್ಟಿಬಿಟ್ಟಳು. ಕಣ್ಣಿಯೆಂದರೆ ಕರುವಿನ ಕೊರಳ ಹಗ್ಗ. ಕರು ಅದನ್ನು ಜಗ್ಗಿ ಜಗ್ಗಿ ನಾಲಿಗೆ ಹೊರಗೆ ಹಾಕಿತು. ಆಮೇಲೆ ಕೇಳಿಸಿದ್ದು ಚರಿಗೆಯೊಳಗೆ ಹಾಲು ಬೀಳುವ ಸದ್ದು ಮಾತ್ರ. ಕೊನೆಗೆ ಕರುವನ್ನು ಮತ್ತೆ ಬಿಟ್ಟಾಗ ಕೆಚ್ಚಲು ಜೋತುಬಿದ್ದಿತ್ತು.

ಕರುವಿಗೆ ಹೊಟ್ಟೆ ಕೆಟ್ಟಿತ್ತು. ಮಾವ ಶಿವಪುತ್ರಪ್ಪ ಓಮಿನ ಕಷಾಯ ತಂದು ಗೊಟ್ಟದಲ್ಲಿ ಹೊಯ್ದ. ಗೊಟ್ಟವೆಂದರೆ ಬಿದಿರಿನ ಕೊಳವೆ, ಒಂದು ತುದಿ ಓರೆಯಾಗಿ ಸೀಳಿದ್ದು. ದನಗಳಿಗೆ ಔಷಧ ಕುಡಿಸುವುದು ಅದರಲ್ಲೇ. ಮುದುಕ ಕರುವಿನ ಮುಖವನ್ನು ತೊಡೆಗೆ ಆನಿಸಿಕೊಂಡು, ತಡೆತಡೆದು ಕುಡಿಸಿದ. ಅವನು ಮಾತಾಡುವ ಜಾತಿಯವನಲ್ಲ. ಮಾತೆಲ್ಲ ಅನ್ನಪೂರ್ಣಳೇ ಆಡಿದಳು.

"ನೋಡ್ರಿ ಮಕ್ಕಳ, ಇದು ಗೊಟ್ಟ. ಕರದ ಮಾರಿ ಮ್ಯಾಲ ಎತ್ತಬೇಕು, ಹೊಯ್ಯಬೇಕು. ಕಾಲಿವ್ಯಾಗ ನೀರು ಹೋದಂಗ ಸೀದಾ ಹೊಟ್ಟಿಗೆ ಹೋಗತೈತಿ."

"ಎಷ್ಟು ಮ್ಯಾಲ್ರಿ?" ದೇವಕ್ಕ ಕೇಳಿದಳು.

ಅನ್ನಪೂರ್ಣ ತನ್ನ ಗಲ್ಲವನ್ನೇ ಮೇಲೆತ್ತಿ ಸೂರು ನೋಡಿದಳು. "ಹಿಂಗ." ಮಕ್ಕಳೆಲ್ಲ ಸೂರು ನೋಡಿದರು.

ಶಿವಪುತ್ರಪ್ಪ ತಲೆ ಎತ್ತಿ ಸೊಸೆಯನ್ನು ನೋಡಿದ. ಏನೋ ಹೇಳಬೇಕೆಂದಿದ್ದನೋ ಏನೋ. ಅಷ್ಟರಲ್ಲಿ ಎಮ್ಮೆ ಕಾಲು ಝಾಡಿಸಿತು, ಮಕ್ಕಳು ಕಿರುಚಿ ಹೊರಗೆ ಓಡಿದರು. ಪಾಠ ಮುಗಿಯಿತು.

ರಾತ್ರಿಯ ಊಟಕ್ಕೆ ಅಕ್ಕಿ ರೊಟ್ಟಿ, ಹೀರೇಕಾಯಿ ಪಲ್ಯ, ಅನ್ನ ಸಾರು. ಗಂಡಸರಿಗೂ ದೇವಕ್ಕನಿಗೂ ಕೊನೆಗೆ ಅರ್ಧರ್ಧ ಬಟ್ಟಲು ಹಾಲು. ದೇವಕ್ಕ ಪಾಟಿ ಎತ್ತಿ ಅಜ್ಜನಿಗೆ ಓದಿ ತೋರಿಸಿದಳು. "ಕರು ಕುಡಿದು ಉಳಿದದ್ದು ನಮಗೆ."

ನೀಲಗಂಗವ್ವನ ಕೈಯಲ್ಲಿದ್ದ ಸೌಟು ನಿಂತಿತು. "ಯಾರು ಬರಿಸಿದ್ದು ಇದು?"

"ಅಕ್ಕೋರು."

"ನನ್ನ ಮಾತು ಸಾಲ್ಯಾಗ ಆಡತೀಯೇನು ಅನ್ನಪೂರ್ಣಾ?"

"ನಿಮ್ಮ ಮಾತಲ್ರಿ ಅತ್ತಿ, ಲೋಕದ ಮಾತು. ಒಂದು ಮೊಲಿ ಆದ್ರೂ ಕರಕ್ಕ ಬಿಡ್ರಿ. ಬೆನ್ನ ಎಲುಬು ಎಣಸಾಕ ಬರತಾವು."

"ಒಂದು ಮೊಲಿ!" ನೀಲಗಂಗವ್ವ ಒಳಕೋಣೆಯ ಕಡೆ ಕೈ ಮಾಡಿದಳು. ಅಲ್ಲಿ ಸಾವಿತ್ರವ್ವ ಕೂಸಿಗೆ ಮೊಲೆ ಕೊಡುತ್ತಿದ್ದಳು, ಕೂಸು ಚೀಪಿ ಚೀಪಿ ಬಿಟ್ಟು ಅಳುತ್ತಿತ್ತು. ಅವಳಿಗೆ ಹಾಲು ಸಾಕಷ್ಟು ಬಂದಿರಲಿಲ್ಲ. ಎಮ್ಮೆಯ ಹಾಲಿಗೆ ನೀರು ಬೆರೆಸಿ ಕಾಯಿಸಿ ಒಳಲೆಯಲ್ಲಿ, ಎಂದರೆ ಮೂತಿಯಿರುವ ಸಣ್ಣ ಬಟ್ಟಲಲ್ಲಿ, ಹಾಕುತ್ತಿದ್ದರು. "ಅದಕ್ಕೇನು ಹಾಕಲಿ? ನಿನ್ನ ಪಾಟಿ ತೊಳೆದ ನೀರು ಹಾಕಲೇನು?"

"ಕೂಸಿನ ಪಾಲು ಕೂಸಿಗೆ ಇರಲ್ರಿ. ಮಾವಾರ್ದು, ಇವರ್ದು, ನನ್ನ ಚಾದ್ದು ಬಿಡೋಣು."

"ಗದ್ದ್ಯಾಗ ದುಡಿಯೋ ಗಂಡಸರ ಬಾಯಾಗಿಂದು ಕಸದು ಕೋಣಗರಕ್ಕ? ಉಳುತೈತೇನು ಅದು? ಹಾಲು ಕೊಡತೈತೇನು? ಒಂದು ಹೊಟ್ಯಾಗಿಂದು ಹುಟ್ಟಲಿ ನಿನಗ, ಆಮ್ಯಾಲ ಲೋಕದ ಮಾತು ಆಡು."

ಒಳಗಿನಿಂದ ಸಾವಿತ್ರವ್ವ ಕೂಗಿದಳು, "ಅವ್ವಾ, ಅಂಥಾ ಮಾತು ಬ್ಯಾಡ! ವೈನೀ, ನೀನೂ ಸುಮ್ನಿರು!"

ಚಂದ್ರಶೇಖರಪ್ಪ ತನ್ನ ಬಟ್ಟಲಿನ ಹಾಲನ್ನು ಒಂದೇ ಗುಟುಕಿಗೆ ಕುಡಿದು ಕೈ ತೊಳೆಯಲು ಎದ್ದ. ಅವನ ಪ್ರಕಾರ ಜಗಳ ಮುಗಿಸುವ ರೀತಿ ಅದು. ಶಿವಪುತ್ರಪ್ಪ ಮಜ್ಜಿಗೆ ಕೇಳಿದ. ದೇವಕ್ಕ ತನ್ನ ಹಾಲಿನ ಬಟ್ಟಲನ್ನು ಎತ್ತಿಕೊಂಡು ಹಿತ್ತಲ ಬಾಗಿಲ ಕಡೆ ಹೋದಳು. ಹೊರಗೆ ಕೂತು ಕುಡಿಯುತ್ತಾಳೆ ಎಂದುಕೊಂಡರು ಎಲ್ಲರೂ.

ಮರುದಿನ ಕರು ಬಾಯಿ ಹಾಕಲಿಲ್ಲ. ಮೂಗು ಗೊರಗೊರ ಎನ್ನುತ್ತಿತ್ತು. ಶಿವಪುತ್ರಪ್ಪ ಅದರ ಕಿವಿ ಮುಟ್ಟಿ ನೋಡಿ, ಬೆಚ್ಚಗೆ ಗೋಣಿ ಹೊದಿಸಿ ಗದ್ದೆಗೆ ಹೋದ. ಅದರ ಮಾರನೆಯ ಬೆಳಿಗ್ಗೆ ಅನ್ನಪೂರ್ಣ ಸಗಣಿ ತೆಗೆಯಲು ಹೋದಾಗ ಕರು ಗೂಟದ ಬುಡದಲ್ಲಿ ಕಾಲು ಚಾಚಿ ಬಿದ್ದಿತ್ತು. ಕಣ್ಣಿ ಕೊರಳಲ್ಲೇ ಇತ್ತು. ಎಮ್ಮೆ ಅದರ ಬೆನ್ನು ನೆಕ್ಕುತ್ತಾ ನಿಂತಿತ್ತು.

ನೀಲಗಂಗವ್ವ ಚರಿಗೆ ಹಿಡಿದು ಬಂದಳು. ನೋಡಿದಳು. ಚರಿಗೆಯನ್ನು ನೆಲಕ್ಕಿಟ್ಟಳು.

"ಹಸಿವಿಲೆ ಕೊಂದ್ರಿ," ಎಂದಳು ಅನ್ನಪೂರ್ಣ. ಅವಳ ದನಿ ಏರಲೂ ಇಲ್ಲ. "ದಿನಾ ಬಾಯಿಂದ ಎಳದು ಎಳದು ಕೊಂದ್ರಿ. ಆತಲ್ಲ, ಈಗ ನಾಕೂ ಮೊಲಿ ನಿಮ್ಮವ."

ನೀಲಗಂಗವ್ವ ಬಗ್ಗಿ ಕರುವಿನ ಕೊರಳ ಕಣ್ಣಿಯನ್ನು ಬಿಚ್ಚಲು ನೋಡಿದಳು. ಗಂಟು ಬಿಗಿದುಕೊಂಡಿತ್ತು, ಬಿಚ್ಚಲಿಲ್ಲ. ಕೊನೆಗೆ ಕುಡುಗೋಲಿನಿಂದ ಕೊಯ್ದು ತೆಗೆದಳು.

ಆ ದಿನ ಎಮ್ಮೆ ಹಾಲು ಇಳಿಸಲಿಲ್ಲ. ಸಂಜೆಯೂ ಇಲ್ಲ. ಹಿಂಡಿ ಇಟ್ಟರು, ಬೆಲ್ಲ ಇಟ್ಟರು, ಕೆಚ್ಚಲಿಗೆ ಬಿಸಿನೀರು ಹಾಕಿದರು. ಅದು ಬಾಗಿಲ ಕಡೆ ನೋಡುತ್ತಾ ಒದರುತ್ತಿತ್ತು. ಮನೆಯಲ್ಲಿ ಕೂಸು ಒದರುತ್ತಿತ್ತು. ಸಾವಿತ್ರವ್ವ ನೆರೆಮನೆಯಿಂದ ಬಟ್ಟಲು ಹಾಲು ಕೇಳಿ ತಂದಳು. ನೆರೆಮನೆಯವರೂ ಎಷ್ಟು ದಿನ ಕೊಟ್ಟಾರು?

ಚಂದ್ರಶೇಖರಪ್ಪ ಹೋಗಿ ಬೈರನನ್ನು ಕರೆತಂದ. ಸತ್ತ ದನ ಎಳೆಯುವುದು, ಚರ್ಮ ಸುಲಿಯುವುದು ಆ ಊರಲ್ಲಿ ಬೈರನ ಮನೆತನದ ಕೆಲಸ. ಹಿತ್ತಲಿನಾಚೆ ಅವನು ಕರುವಿನ ಚರ್ಮವನ್ನು ಇಡಿಯಾಗಿ ಸುಲಿದು, ಉಪ್ಪು ತಿಕ್ಕಿ ಒಣಗಿಸಿ, ಹುಲ್ಲು ತುಂಬಿ ಹೊಲಿದ. ಕಾಲಿಗೆ ಬಿದಿರು ಕಡ್ಡಿ.

"ಕಣ್ಣು ಇಡಲೇನ್ರಿ ಯಜಮಾನ್ರ?" ಎಂದು ಅವನು ಕೇಳಿದ. "ಹೋದ ವರ್ಷ ಒಬ್ರಿಗೆ ಗಜಗದ ಕಾಯಿ ಇಟ್ಟು ಕೊಟ್ಟೆ, ಅವ್ರ ಮುದುಕಿ ಕತ್ತಲ್ಯಾಗ ಹೆದರಿ ಬಿದ್ದಳು."

"ಕಣ್ಣು ಬ್ಯಾಡ ಮಾರಾಯ," ಎಂದ ಶಿವಪುತ್ರಪ್ಪ. "ಎಮ್ಮಿ ಮೂಸಿದ್ರ ಸಾಕು."

ಎಮ್ಮೆ ಮೂಸಿತು. ಚರ್ಮದ ಮೇಲೆ ನೀಲಗಂಗವ್ವ ತೌಡು, ಉಪ್ಪು ಸವರಿದ್ದಳು. ಎಮ್ಮೆ ಮೊದಲು ಹಿಂದೆ ಸರಿಯಿತು, ಆಮೇಲೆ ಒಂದು ಸಲ ನೆಕ್ಕಿತು, ಆಮೇಲೆ ನಿಲ್ಲಿಸಲೇ ಇಲ್ಲ. ಹಾಲು ಇಳಿಯಿತು. ಕೂಸು ಒಳಲೆ ಹೀರಿ ಮಲಗಿತು. ಅಂದಿನಿಂದ ಬೆಳಿಗ್ಗೆ ಸಂಜೆ ಆ ಹುಲ್ಲುಗರುವನ್ನು ಅಟ್ಟದಿಂದ ಇಳಿಸಿ ಎಮ್ಮೆಯ ಮುಂದೆ ನಿಲ್ಲಿಸುವುದು, ಮುಗಿದ ಮೇಲೆ ಇಲಿ ಹೆಗ್ಗಣ ಮುಟ್ಟದ ಹಾಗೆ ಮತ್ತೆ ಏರಿಸುವುದು ಮನೆಯ ಇನ್ನೊಂದು ಕೆಲಸವಾಯಿತು. ದೀಪಕ್ಕೆ ಎಣ್ಣೆ ಹಾಕಿದ ಹಾಗೆ, ನೀರು ತಂದ ಹಾಗೆ. ಯಾರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ.

ಸಾಲಿಯಲ್ಲಿ ಮಾತ್ರ ಮಕ್ಕಳು ಮಾತಾಡಿದರು. "ಅಕ್ಕೋರ, ಹುಲ್ಲಿನ ಕರಕ್ಕೂ ಎಮ್ಮಿ ಹಾಲು ಕೊಡತೈತಂತ್ರೀ?" ವಿಘ್ನೇಶ್ವರ ಮಾಸ್ತರು ಅನ್ನಪೂರ್ಣಳನ್ನು ಪಕ್ಕಕ್ಕೆ ಕರೆದರು.

"ಅಕ್ಕೋರೆ, ಹಾಲು, ಮೊಸರು, ಬೆಣ್ಣೆ, ತುಪ್ಪ, ಅಷ್ಟು ಹೇಳಿ ಪಾಠ ಮುಗಿಸಿಬಿಡಿ. ಈ ತೊಗಲು ಗಿಗಲು ಎಂತಕ್ಕೆ? ಸಾಹೇಬರು ಬಂದು ಕೇಳಿದ್ರೆ ಎಂತ ಹೇಳೂದು?"

"ಹೂಂ ಸರ್," ಎಂದಳು ಅನ್ನಪೂರ್ಣ.

ವಾರ ಕಳೆಯಿತು. ನೀಲಗಂಗವ್ವ ಹಾಲು, ಮೊಸರು, ಮಜ್ಜಿಗೆ ಮೂರನ್ನೂ ಬಿಟ್ಟಳು. ಯಾರಿಗೂ ಹೇಳದೆಯೇ ಬಿಟ್ಟಳು. ಅನ್ನಕ್ಕೆ ಸಾರು ಕಲಸಿ ಉಂಡು ಏಳುತ್ತಿದ್ದಳು. ಒಂದು ಸಂಜೆ ಅಕ್ಕಿ ಆರಿಸುತ್ತಾ ಹೇಳಿದಳು, "ಬರೋ ಸೋಮವಾರ ಕಣ್ಣಿ ಹಾಕ್ಕೊಂಡು ಹೋಗತೇನಿ."

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಕಟ್ಟಿದ ಕಡೆಯೇ ಕೊರಳ ಹಗ್ಗ ಸಮೇತ ದನ ಸತ್ತರೆ, ಸಾವಿಗೆ ಕಾರಣವಾದವರು ಅದೇ ಕಣ್ಣಿಯನ್ನು ತಮ್ಮ ಕೊರಳಿಗೆ ಹಾಕಿಕೊಂಡು ಐದು ಮನೆ ಭಿಕ್ಷೆ ಬೇಡಬೇಕು. ಬಾಯಿ ಬಿಡುವ ಹಾಗಿಲ್ಲ. ದನದ ಹಾಗೆ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಕು. ಸಿಕ್ಕಿದ ಕಾಳು ಬೇಯಿಸಿ ದನಗಳಿಗೆ ಹಾಕಬೇಕು.

"ಆಕಳಿಗೆ ಮಾಡತಾರ ಅದನ್ನ," ಎಂದ ಶಿವಪುತ್ರಪ್ಪ. "ಎಮ್ಮಿ ಕರ, ಅದೂ ಕೋಣ. ಯಾರು ಕೇಳತಾರ?"

"ಯಾರು ಕೇಳಬೇಕು? ಕಟ್ಟಿದಾಕಿ ನಾನು. ಎಳದಾಕಿ ನಾನು. ಸೊಸಿ ಮಾರಿ ಮ್ಯಾಲ ಹೇಳಿದ್ಲು, ಸುಳ್ಳೇನಲ್ಲ."

"ಸಿಟ್ಟಿನಾಗ ಅಂದೇನ್ರಿ ಅತ್ತಿ," ಎಂದಳು ಅನ್ನಪೂರ್ಣ. "ಬ್ಯಾಡ್ರಿ. ಊರು ನಗತೈತಿ."

"ಊರು ನಕ್ಕರ ನಗಲಿ. ನನಗ ನಿದ್ದಿ ಬರವಲ್ದು."

ಅಷ್ಟು ಹೇಳಿ ಕಲ್ಲು ಆರಿಸತೊಡಗಿದಳು.

ಮರುದಿನ ಮಧ್ಯಾಹ್ನ ನೀಲಗಂಗವ್ವ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡು ಒಳಲೆಯಲ್ಲಿ ಹಾಲು ಹಾಕುತ್ತಿದ್ದಳು. ಪಕ್ಕದಲ್ಲಿ ಕೂತ ಸಾವಿತ್ರವ್ವ ಕೂಸಿನ ತಲೆಯನ್ನು ಹಿಂದಕ್ಕೆ ಬಾಗಿಸಲು ಹೋದಾಗ ಅವಳ ಕೈಗೆ ಒಂದು ಏಟು ಬಿತ್ತು.

"ಮಾರಿ ಎತ್ತಬ್ಯಾಡ! ಎರಡು ಹಡದೀ, ಇನ್ನ ಗೊತ್ತಿಲ್ಲ."

"ಮಾರಿ ಎತ್ತಿದ್ರ ಏನಾಗತೈತಿ ಅಜ್ಜಿ?" ದೇವಕ್ಕ ಕೇಳಿದಳು.

"ಹಾಲು ಉಸಿರಿನ ದಾರಿಗೆ ಹೋಗತೈತಿ. ಕೂಸು ಉಳಿಯಂಗಿಲ್ಲ."

"ಕೂಸಿಗೆ ಅಷ್ಟ?"

"ಯಾವ ಮರಿ ಆದ್ರೇನು, ಎಲ್ಲಾಕೂ ದಾರಿ ಒಂದ."

ಅಂದು ರಾತ್ರಿ ದೇವಕ್ಕ ತನ್ನ ಹಾಲಿನ ಬಟ್ಟಲನ್ನು ದೂಡಿದಳು. ಮರುದಿನವೂ ದೂಡಿದಳು. ಒತ್ತಾಯ ಮಾಡಿ ಕುಡಿಸಿದರೆ ವಾಂತಿ. ನೀಲಗಂಗವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಸಾವಿತ್ರವ್ವ ಬೈದಳು.

ರವಿವಾರ ಎಣ್ಣೆ ಹಚ್ಚಿ ಜಡೆ ಹಾಕುವಾಗ ಅನ್ನಪೂರ್ಣ ಮೆಲ್ಲಗೆ ಕೇಳಿದಳು, "ಹಾಲು ಯಾಕ ಬ್ಯಾಡವಾ?"

ದೇವಕ್ಕ ಕೈಯಲ್ಲಿದ್ದ ರಿಬ್ಬನ್ನನ್ನು ಬೆರಳಿಗೆ ಸುತ್ತಿದಳು. ಆಮೇಲೆ ಹೇಳಿದಳು.

"ನಾ ಕರಕ್ಕ ಹಾಲು ಕುಡಿಸೇನಿ ಅತ್ತಿ. ನೀವೆಲ್ಲ ಜಗಳ ಆಡಿದ ದಿನ. ನನ್ನ ಪಾಲಿಂದು."

"ಹೆಂಗ ಕುಡಿಸಿದಿ?"

"ಗೊಟ್ಟದಾಗ. ನೀ ತೋರಿಸಿದ್ಯಲ್ಲ, ಹಂಗ. ಗೂಟಕ್ಕ ಒತ್ತಿ ಹಿಡದು, ಮಾರಿ ಮ್ಯಾಲ ಎತ್ತಿ, ಪೂರಾ ಒಮ್ಮೆಲೆ."

ಅನ್ನಪೂರ್ಣಳ ಬೆರಳು ಜಡೆಯಲ್ಲೇ ನಿಂತವು. "ಆಮ್ಯಾಲ?"

"ಕೆಮ್ಮಿತು. ಮೂಗಿನಾಗ ಹಾಲು ಬಂತು. ಹೊಟ್ಟಿ ತುಂಬಿರಬೇಕು ಅಂತ ಬಿಟ್ಟೆ." ಹುಡುಗಿ ತಿರುಗಿ ನೋಡಿದಳು. "ಅದಕ್ಕ ಸತ್ತಿತೇನು ಅತ್ತಿ?"

"ನೆಟ್ಟಗ ಕುಂದ್ರು. ಜಡಿ ಸೊಟ್ಟ ಆಗತೈತಿ."

ಜಡೆ ಹಾಕಿ ಮುಗಿಸಿದಳು. ರಿಬ್ಬನ್ ಕಟ್ಟಿದಳು. ಬಾವಿಗೆ ಹೋಗಿ ಎರಡು ಕೊಡ ನೀರು ತಂದಳು, ಬೇಕಾಗಿರಲಿಲ್ಲ, ಹಂಡೆ ತುಂಬಿಯೇ ಇತ್ತು.

ಗಂಡನನ್ನು ಕಣದಲ್ಲಿ ಹಿಡಿದು ಎಲ್ಲವನ್ನೂ ಹೇಳಿದಳು. ಚಂದ್ರಶೇಖರಪ್ಪ ಹುಲ್ಲಿನ ಹೊರೆ ಕಟ್ಟುತ್ತಲೇ ಕೇಳಿದ.

"ಮಾರಿ ಮ್ಯಾಲ ಎತ್ತಾಕ ಯಾರು ಹೇಳಿದ್ರು ಆಕಿಗೆ?"

"ನಾನು."

ಅವನು ಹೊರೆಯ ಮೇಲೆ ಮೊಣಕಾಲು ಊರಿ ಹಗ್ಗ ಬಿಗಿದ. "ಹಂಗಾರ ಸುಮ್ನಿರು."

"ನಾಳೆ ಅತ್ತಿ ಕಣ್ಣಿ ಹಾಕ್ಕೊಂಡು ಹೋಗತಾರ. ಅವರು ಕೊಂದಿಲ್ಲ."

"ಹೇಳಿದ್ರ ಏನಾಗತೈತಿ ಹೇಳು? ಆ ಕಣ್ಣಿ ಹುಡುಗಿ ಕೊಳ್ಳಿಗೆ ಬೀಳತೈತಿ. ಏಳು ವರ್ಷದ ಹುಡುಗಿ ಐದು ಮನಿ ಮುಂದ ನಿಲ್ಲಬೇಕು. ಕರ ಕೊಂದಾಕಿ ಅಂತ ಹೆಸರು ಬಿದ್ರ ನಾಳೆ ಯಾರು ಮಾಡಿಕೋತಾರ? ನಮ್ಮ ತಂಗಿ ಗಂಡನ ಮನ್ಯವ್ರು ಮೊದಲ ಹೆಂಗ ಅದಾರ ನಿನಗ ಗೊತ್ತಿಲ್ಲೇನು?"

"ನಾ ಹಾಕ್ಕೊಂಡು ಹೋಗತೇನಿ. ಕಲಿಸಿದಾಕಿ ನಾನಲ್ಲ?"

"ನೀ ಹೋದ್ರ, ಯಾಕಂತ ಊರು ಕೇಳತೈತಿ. ಕೇಳಿದ್ರ ಹುಡುಗಿ ಹೆಸರು ಬರತೈತಿ. ಮತ್ತ ನಿನ್ನ ಸಾಲಿಗೆ ಯಾರು ಮಕ್ಕಳನ್ನ ಕಳಸತಾರ?"

"ಅತ್ತಿ?"

"ಅವ್ವಗ ವಯಸ್ಸಾಗೈತಿ." ಹೊರೆಯನ್ನು ತಲೆಗೇರಿಸಿಕೊಂಡ. "ತಡಕೋತಾಳ."

ಸೋಮವಾರ ನೀಲಗಂಗವ್ವ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕೊಯ್ದಿಟ್ಟಿದ್ದ ಕಣ್ಣಿಗೆ ಗಂಟು ಹಾಕಿ ಕೊರಳಿಗೆ ಏರಿಸಿಕೊಂಡಳು. ಸಣ್ಣ ಕರುವಿನ ಹಗ್ಗ, ಬಿಗಿಯಾಗಿ ಕೂತಿತು. ಸಾವಿತ್ರವ್ವ ಅಳುತ್ತಾ ಕಾಲು ಹಿಡಿದಳು. ಶಿವಪುತ್ರಪ್ಪ ಹೆಂಡತಿಯ ಮುಖ ನೋಡಲಾರದೆ ಎತ್ತು ಹೂಡಿಕೊಂಡು ಗದ್ದೆಗೆ ನಡೆದ. ಅನ್ನಪೂರ್ಣ ದೇವಕ್ಕನ ಕೈ ಹಿಡಿದು ಸಾಲಿಗೆ ಹೋದಳು.

ಸಾಲಿಯಲ್ಲಿ ಮಕ್ಕಳಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಗೌಡರ ಮಗ ದೇವಕ್ಕನ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು: "ನಿಮ್ಮಜ್ಜಿ ಕರ ಕೊಂದಾಳಂತ. ಹಂಬಾ ಅಂತ ಒದರಕೋತ ಬರತಾಳೇನ?"

ಅನ್ನಪೂರ್ಣ ಅವನನ್ನು ಮೂಲೆಯಲ್ಲಿ ನಿಲ್ಲಿಸಿ, ಹಲಗೆಯ ಮೇಲೆ ಬರೆಯತೊಡಗಿದಳು. ಹಾಲು. ಮೊಸರು. ಬೆಣ್ಣೆ ಎಂದು ಬರೆಯುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು.

ನೀಲಗಂಗವ್ವ ನಾಲ್ಕು ಮನೆ ಮುಗಿಸಿ ಐದನೆಯದಾಗಿ ಗೌಡರ ಮನೆಗೆ ಬಂದಿದ್ದ‍ಳು. ಆ ಮನೆಗೆ ಇದ್ದ ಬಾಗಿಲು ಅದೊಂದೇ, ಸಾಲಿಯದೂ ಅದೇ. ಹೊಸ್ತಿಲ ಹೊರಗೆ, ಸೆರಗು ಒಡ್ಡಿ, ಕಣ್ಣು ಕೆಳಗೆ ಹಾಕಿ ನಿಂತಳು. ಕೊರಳ ಸುತ್ತ ಕೆಂಪಾಗಿತ್ತು. ಯಾವ ಮಗುವೂ ನಗಲಿಲ್ಲ. ವಿಘ್ನೇಶ್ವರ ಮಾಸ್ತರು ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಳಗೆ ಗೌಡಸಾನಿ ಮೊರಕ್ಕೆ ಅಕ್ಕಿ ಹಾಕುವ ಸದ್ದು ಕೇಳುತ್ತಿತ್ತು.

ಆಗ ದೇವಕ್ಕ ಎದ್ದಳು.

"ಅಕ್ಕೋರ."

"ಕುಂದ್ರು ದೇವಕ್ಕ."

"ಒಂದ ಮಾತ್ರೀ ಅಕ್ಕೋರ." ಮನೆಯಲ್ಲಿ ಅತ್ತಿ ಉತ್ತರ ಕೊಟ್ಟಿರಲಿಲ್ಲ. ಆದರೆ ಸಾಲಿಯಲ್ಲಿ ಕೇಳಿದ್ದಕ್ಕೆ ಅಕ್ಕೋರು ಯಾವತ್ತೂ ಉತ್ತರ ಕೊಡದೆ ಬಿಟ್ಟವರಲ್ಲ. ಹುಡುಗಿ ಪಾಟಿಯನ್ನು ಎದೆಗೆ ಒತ್ತಿಕೊಂಡಳು. "ನಮ್ಮ ಕರ ಯಾಕ ಸತ್ತಿತ್ರಿ? ಹಾಲು ಸಾಲದ ಸತ್ತಿತೋ, ಮತ್ತ ಯಾತರಿಂದರ ಸತ್ತಿತೋ?"

ಪಡಸಾಲೆ ತುಂಬಾ ಕಣ್ಣು ಅನ್ನಪೂರ್ಣಳ ಮೇಲೆ. ಬಾಗಿಲಲ್ಲಿ ನೀಲಗಂಗವ್ವ ತಲೆ ಎತ್ತಲಿಲ್ಲ, ಆದರೆ ಒಡ್ಡಿದ ಸೆರಗು ಅಲುಗಾಡದೆ ನಿಂತಿತು. ಅವಳು ಕೇಳಿಸಿಕೊಳ್ಳುತ್ತಿದ್ದಳು. ಅವಳು ಮಾತಾಡುವ ಹಾಗಿರಲಿಲ್ಲ.

ಅನ್ನಪೂರ್ಣ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು.

"ಹಾಲು ಸಾಲಲಿಲ್ಲವಾ," ಎಂದಳು. "ಕರಕ್ಕ ಹಾಲು ಬಿಡಲಿಲ್ಲ. ಅದಕ್ಕ ಸತ್ತಿತು. ಮತ್ತ ಯಾತರಿಂದಲೂ ಅಲ್ಲ."

ದೇವಕ್ಕ ಕೂತಳು. ಕೂತವಳು ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು ಉದ್ದಕ್ಕೆ ಉಸಿರು ಬಿಟ್ಟಳು. ಗೌಡಸಾನಿ ಬಂದು ಸೆರಗಿಗೆ ಅಕ್ಕಿ ಸುರಿದಳು. ನೀಲಗಂಗವ್ವ ಅದನ್ನು ಗಂಟು ಕಟ್ಟಿ, ಬಗ್ಗಿ ಹೊಸ್ತಿಲು ಮುಟ್ಟಿ ನಮಸ್ಕರಿಸಿ, ಬಂದ ದಾರಿಯಲ್ಲೇ ಹೋದಳು. ಅನ್ನಪೂರ್ಣ ಹಲಗೆಯ ಮೇಲೆ ತುಪ್ಪ ಎಂದು ಬರೆದಳು. ಮಕ್ಕಳು ನಕಲು ಮಾಡಿಕೊಂಡರು.

ಆ ರಾತ್ರಿ ದೇವಕ್ಕ ಹಾಲು ಕುಡಿದಳು, ಇನ್ನಷ್ಟು ಬೇಕೆಂದಳು. ಬಡಿಸಿದ್ದು ಅನ್ನಪೂರ್ಣ. ಯಾಕೆಂದರೆ ಅಂದಿನಿಂದ ನೀಲಗಂಗವ್ವ ಹಾಲಿನ ಪಾತ್ರೆ ಮುಟ್ಟಲಿಲ್ಲ, ಕೊಟ್ಟಿಗೆಗೆ ಕಾಲಿಡಲಿಲ್ಲ. ಎಮ್ಮೆ ಹಿಂಡುವುದು ಸೊಸೆಯ ಪಾಲಿಗೆ ಬಂತು. ಬೆಳಿಗ್ಗೆ ಹುಲ್ಲುಗರುವನ್ನು ಇಳಿಸಿ ನಿಲ್ಲಿಸುತ್ತಿದ್ದಳು, ಹಿಂಡುತ್ತಿದ್ದಳು, ಏರಿಸುತ್ತಿದ್ದಳು, ಸಾಲಿಗೆ ಹೋಗುತ್ತಿದ್ದಳು. ಅತ್ತೆ ಸೊಸೆಯರ ನಡುವೆ ಜಗಳ ಆಮೇಲೆ ಒಂದೂ ಆಗಲಿಲ್ಲ. ಮಳೆಗಾಲಕ್ಕೆ ಮುಂಚೆ ಸಾವಿತ್ರವ್ವ ದುಂಡಗಾದ ಕೂಸನ್ನೂ ದೇವಕ್ಕನನ್ನೂ ಕರೆದುಕೊಂಡು ಗಂಡನ ಮನೆಗೆ ಹೋದಳು. ಗಾಡಿ ಹತ್ತುವಾಗ ಹುಡುಗಿ ಅಜ್ಜಿಯ ಕಿವಿಯಲ್ಲಿ ಹೇಳಿದಳು, "ಇನ್ನ ಮ್ಯಾಲ ಕರಕ್ಕ ಹಾಲು ಬಿಡು ಅಜ್ಜಿ, ಹಾಂ?"

"ಹೂಂನವಾ," ಎಂದಳು ನೀಲಗಂಗವ್ವ.

ಊರಲ್ಲಿ ಇವತ್ತಿಗೂ ನೀಲಗಂಗವ್ವನೆಂದರೆ ಕರ ಕೊಂದಾಕಿ. ಅನ್ನಪೂರ್ಣಕ್ಕೋರೆಂದರೆ ಕೈಮುಗಿಯುತ್ತಾರೆ. ಅವಳು ಉಳಿಸಿದ್ದು ಹುಡುಗಿಯನ್ನೋ ತನ್ನನ್ನೋ ಎಂದು ಅವಳ ಗಂಡ ಕೇಳಲಿಲ್ಲ, ನಾನೂ ಕೇಳುವವನಲ್ಲ. ನಿಮ್ಮನ್ನು ಮಾತ್ರ ಕೇಳುತ್ತೇನೆ, ಇಷ್ಟು ಹೊತ್ತು ಕೂತು ಕೇಳಿದ್ದೀರಲ್ಲ. ಸೀಮೆಸುಣ್ಣ ನಿಮ್ಮ ಕೈಯಲ್ಲಿದ್ದು, ಮುಂದೆ ಆ ಹುಡುಗಿ ನಿಂತು, ಬಾಗಿಲಲ್ಲಿ ಆ ಮುದುಕಿ ಸೆರಗೊಡ್ಡಿದ್ದಾಗ, ನೀವಾದರೆ ಏನು ಹೇಳುತ್ತಿದ್ದಿರಿ?